ಹಿತ್ತಿಲ ಬಾಗಿಲಿಗೊಂದು ಬೆಕ್ಕಿನ ಕಿಂಡಿ

ಹಂಚಿನ ಮನೆಗಳ ಕಾಲದಲ್ಲಿ ಬೆಕ್ಕಿಗಾಗಿ ಯಾರೂ ಎದ್ದು ಬಾಗಿಲು ತೆಗೆಯುತ್ತಿರಲಿಲ್ಲ. ಗೋಡೆಗೂ ಮಾಡಿಗೂ ನಡುವೆ ಒಂದು ಸಂದು ಇರುತ್ತಿತ್ತು. ಅಲ್ಲಿಂದ ಅಟ್ಟಕ್ಕೆ, ಅಟ್ಟದಿಂದ ಅಡುಗೆಮನೆಗೆ. ಅದರ ದಾರಿ ಅದಕ್ಕೆ ಗೊತ್ತಿತ್ತು. ಈಗ ಶಿವಮೊಗ್ಗದ ನಮ್ಮ ಮನೆಗೆ ತಾರಸಿ ಇದೆ. ಕಿಟಕಿಗಳಿಗೆಲ್ಲ ಸೊಳ್ಳೆ ಪರದೆ ಇದೆ. ಸಂಜೆ ಆರಾಯಿತೆಂದರೆ ಸೊಳ್ಳೆಗೆ ಹೆದರಿ ಬಾಗಿಲೂ ಮುಚ್ಚುತ್ತೇವೆ. ಹೀಗಾಗಿ ನಮ್ಮ ಚಿನ್ನಿ ರಾತ್ರಿ ಎರಡು ಗಂಟೆಗೆ ಹಿತ್ತಿಲ ಬಾಗಿಲು ಕೆರೆಯುತ್ತಿದ್ದಳು. ಎದ್ದು ತೆಗೆದರೆ ಹೊಸ್ತಿಲ ಮೇಲೆ ಕೂತು, ಹೋಗಲೋ ಬೇಡವೋ ಎಂದು ಮಳೆ ನೋಡುತ್ತಿದ್ದಳು. ಬೆಕ್ಕು ಸಾಕಿದವರಿಗೆಲ್ಲ ಇದು ಗೊತ್ತಿರುವುದೇ, ಅಲ್ವಾ?

ಅದರ ದಾರಿ ಮುಚ್ಚಿದ್ದು ನಾವು. ಇನ್ನೊಂದು ದಾರಿ ಮಾಡಿಕೊಡಬೇಕಾದವರೂ ನಾವೇ. ಬಾಗಿಲ ಕೆಳಭಾಗದಲ್ಲಿ ಒಂದು ಚೌಕ ಕತ್ತರಿಸಿ, ಎರಡೂ ಕಡೆ ತೂಗಾಡುವ ಪ್ಲಾಸ್ಟಿಕ್ ಹಲಗೆ ಕೂರಿಸುವುದು. ಅಂಗಡಿಯಲ್ಲಿ ಇದನ್ನು ಕ್ಯಾಟ್ ಫ್ಲ್ಯಾಪ್ ಅಂತ ಕೇಳಿ. ಇಲ್ಲಿ ನಾನು ಬೆಕ್ಕಿನ ಕಿಂಡಿ ಎಂದೇ ಕರೆಯುತ್ತೇನೆ. ಸಾಮಾನು ಕೈಯಲ್ಲಿದ್ದರೆ ಅರ್ಧ ದಿನದ ಕೆಲಸ.

ಇದೇನೂ ಹೊಸ ಯೋಚನೆಯಲ್ಲ. ಇಂಗ್ಲೆಂಡಿನ ಎಕ್ಸೆಟರ್ ಕ್ಯಾಥೆಡ್ರಲ್‌ನಲ್ಲಿ ಹಳೆಯ ಗಡಿಯಾರದ ಕೆಳಗೆ ಒಂದು ಬಾಗಿಲಿದೆ. ಅದರ ಬುಡದಲ್ಲಿ ದುಂಡನೆಯ ತೂತಿದೆ. ಇಲಿ ಹಿಡಿಯಲು ಬೆಕ್ಕು ಓಡಾಡಲಿ ಎಂದು 1598ರಲ್ಲಿ ಬಡಗಿಗೆ 8 ಪೆನ್ಸ್ ಕೊಟ್ಟು ಅದನ್ನು ಕೊರೆಸಿದ ಲೆಕ್ಕ ಅಲ್ಲಿನ ದಾಖಲೆಯಲ್ಲಿದೆ. ಬೆಕ್ಕಿನ ಕಿಂಡಿ ಕಂಡುಹಿಡಿದವನು ನ್ಯೂಟನ್ ಎಂಬ ಮಾತು ನೀವೂ ಕೇಳಿರಬಹುದು. ಆ ತೂತು ಕೊರೆದಾಗ ನ್ಯೂಟನ್ ಇನ್ನೂ ಹುಟ್ಟಿರಲೇ ಇಲ್ಲ.

ಯಾವ ಬಾಗಿಲು?

ಮುಂಬಾಗಿಲನ್ನು ಮುಟ್ಟಬೇಡಿ. ಅರಿಶಿನ ಕುಂಕುಮ ಹಚ್ಚುವ ಹೊಸ್ತಿಲು ಅದು. ಜೊತೆಗೆ ರಸ್ತೆ ಕಡೆಗೆ ತೆರೆಯುವ ಬಾಗಿಲು ಬೆಕ್ಕಿಗೂ ಒಳ್ಳೆಯದಲ್ಲ. ಅಪಾರ್ಟ್‌ಮೆಂಟಿನಲ್ಲಾದರೆ ಮುಂಬಾಗಿಲು ಬೆಂಕಿ ತಡೆಯುವ ಬಾಗಿಲಾಗಿರಬಹುದು. ಅದಕ್ಕೆ ತೂತು ಹಾಕುವಂತೆಯೇ ಇಲ್ಲ. ಹಿತ್ತಿಲ ಬಾಗಿಲು, ಅಡುಗೆಮನೆಯಿಂದ ಯುಟಿಲಿಟಿಗೆ ಹೋಗುವ ಬಾಗಿಲು, ಇವೇ ಸರಿಯಾದ ಜಾಗ. ಬೆಕ್ಕು ಹೊರಗೆ ಹೋಗುವುದೇ ಬೇಡ ಎನ್ನುವವರೂ ಯುಟಿಲಿಟಿಯಲ್ಲಿ ಮರಳಿನ ತಟ್ಟೆ ಇಟ್ಟು, ಆ ಬಾಗಿಲಿಗೆ ಕಿಂಡಿ ಮಾಡಬಹುದು. ಆದರೆ ಬಾಲ್ಕನಿಗೆ ಕಿಂಡಿ ಮಾಡುವವರು ಮೊದಲು ಬಾಲ್ಕನಿಗೆ ಪೂರ್ತಿ ಬಲೆ ಹಾಕಿಸಿ. ಬೆಕ್ಕು ಎತ್ತರದಿಂದ ಬಿದ್ದರೂ ಏನೂ ಆಗುವುದಿಲ್ಲ ಅನ್ನುವುದು ಸುಳ್ಳು. ಕಾಲು ಮುರಿಯುತ್ತದೆ, ದವಡೆ ಒಡೆಯುತ್ತದೆ, ಜೀವವೂ ಹೋಗುತ್ತದೆ.

ಇನ್ನು ಬಾಗಿಲು ಯಾವುದರದ್ದು ಎಂದು ನೋಡಿ. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಗೊತ್ತಾಗುತ್ತದೆ. ಗಟ್ಟಿ ಸದ್ದು ಬಂದರೆ ಒಳಗೆ ಮರ ತುಂಬಿದ ಫ್ಲಶ್ ಡೋರ್. ಕತ್ತರಿಸಲು ಇದರಷ್ಟು ಸುಲಭ ಬೇರೆ ಇಲ್ಲ. ಟೊಳ್ಳು ಸದ್ದು ಬಂದರೆ ಎರಡು ಪ್ಲೈವುಡ್ ಹಾಳೆಗಳ ನಡುವೆ ಖಾಲಿ ಇದೆ ಎಂದರ್ಥ. ಅದಕ್ಕೂ ಕಿಂಡಿ ಕೂರುತ್ತದೆ, ಆದರೆ ತೂತಿನ ಸುತ್ತ ಒಳಗಡೆ ರೀಪರ್ (ಸಣ್ಣ ಮರದ ಪಟ್ಟಿ) ತುಂಡು ಅಂಟಿಸಬೇಕು. ಇಲ್ಲದಿದ್ದರೆ ಬೋಲ್ಟ್ ಬಿಗಿ ಮಾಡಿದ ಕೂಡಲೇ ಬಾಗಿಲು ಒಳಕ್ಕೆ ಕುಸಿಯುತ್ತದೆ. ತೇಗದ ಹಳೆಯ ಬಾಗಿಲಾದರೆ ಚೌಕಟ್ಟಿನ ಅಡ್ಡಪಟ್ಟಿಯನ್ನು ಕತ್ತರಿಸಲೇಬಾರದು. ಬಾಗಿಲನ್ನು ಹಿಡಿದಿಡುವುದೇ ಆ ಪಟ್ಟಿ. ನಡುವಿನ ತೆಳು ಹಲಗೆಯಲ್ಲಿ ಮಾತ್ರ ಕತ್ತರಿಸಿ. ಗಾಜಿನ ಬಾಗಿಲಿನ ವಿಚಾರ ಬೇರೆ. ಟಫನ್ ಮಾಡಿದ, ಅಂದರೆ ಗಟ್ಟಿಗೊಳಿಸಿದ ಗಾಜನ್ನು ಆಮೇಲೆ ಕೊರೆಯಲು ಬರುವುದಿಲ್ಲ, ಇಡೀ ಗಾಜು ಪುಡಿಯಾಗುತ್ತದೆ. ತೂತಿರುವ ಹೊಸ ಗಾಜನ್ನೇ ಮಾಡಿಸಬೇಕು.

ಬಾಡಿಗೆ ಮನೆಯಾ? ಮಾಲೀಕರನ್ನು ಕೇಳಿ. ಅವರು ಒಪ್ಪದಿದ್ದರೂ ದಾರಿ ಇದೆ. ಇರುವ ಬಾಗಿಲನ್ನು ಬಿಚ್ಚಿ ಜೋಪಾನವಾಗಿಟ್ಟು, ಕಡಿಮೆ ಬೆಲೆಯ ಒಂದು ಫ್ಲಶ್ ಡೋರ್ ಹಾಕಿಸಿ ಅದಕ್ಕೆ ಕಿಂಡಿ ಮಾಡಿ. ಮನೆ ಬಿಡುವಾಗ ಹಳೆಯದನ್ನು ಮತ್ತೆ ಹಾಕಿದರಾಯಿತು. ಇದಕ್ಕೂ ಅವರಿಗೆ ಒಂದು ಮಾತು ಹೇಳಿಯೇ ಮಾಡಿ.

ಯಾವ ಕಿಂಡಿ?

ಸಾಮಾನ್ಯ ಕಿಂಡಿಯಲ್ಲಿ ಎರಡು ಚೌಕಟ್ಟು ಇರುತ್ತವೆ, ಒಂದು ಒಳಗೆ, ಒಂದು ಹೊರಗೆ. ನಡುವೆ ತೂಗುವ ಹಲಗೆ. ಅದರ ಕೆಳ ಅಂಚಿನಲ್ಲಿ ಪುಟ್ಟ ಅಯಸ್ಕಾಂತ. ಗಾಳಿಗೆ ಪಟಪಟ ಹೊಡೆದುಕೊಳ್ಳದಂತೆ ಹಿಡಿಯುವುದು ಇದೇ. ನಾಲ್ಕು ಬಗೆಯ ಬೀಗ ಇರುವುದನ್ನೇ ಕೊಳ್ಳಿ. ಎರಡೂ ಕಡೆ ಓಡಾಟ, ಬರುವುದು ಮಾತ್ರ, ಹೋಗುವುದು ಮಾತ್ರ, ಪೂರ್ತಿ ಬಂದ್. ಹಲಗೆ ಪಾರದರ್ಶಕವಾಗಿರಲಿ. ಆಚೆ ಏನಿದೆ ಎಂದು ಕಾಣದ ತೂತಿಗೆ ಬೆಕ್ಕು ತಲೆ ಹಾಕುವುದು ಕಷ್ಟ.

ಬೀದಿಯ ಗಂಡುಬೆಕ್ಕುಗಳ ಕಾಟ ಜಾಸ್ತಿ ಇರುವ ಕಡೆ ಮೈಕ್ರೋಚಿಪ್ ಓದುವ ಕಿಂಡಿ ಒಳ್ಳೆಯದು. ಅಕ್ಕಿಕಾಳಿನಷ್ಟು ಚಿಪ್ ಒಂದನ್ನು ಪಶುವೈದ್ಯರು ಬೆಕ್ಕಿನ ಹೆಗಲ ನಡುವೆ ಚರ್ಮದಡಿ ಚುಚ್ಚಿ ಇಡುತ್ತಾರೆ. ಅದರಲ್ಲಿ 15 ಅಂಕಿಯ ನಂಬರ್ ಇರುತ್ತದೆ. ಕಿಂಡಿ ಆ ನಂಬರ್ ಓದಿ ನಿಮ್ಮ ಬೆಕ್ಕಿಗೆ ಮಾತ್ರ ಬೀಗ ಬಿಡುತ್ತದೆ. ಬ್ಯಾಟರಿಯಲ್ಲಿ ನಡೆಯುವುದರಿಂದ ಕರೆಂಟ್ ಹೋದರೂ ತೊಂದರೆ ಇಲ್ಲ. ಬೆಲೆ ಮಾತ್ರ ಸಾಮಾನ್ಯ ಕಿಂಡಿಯ ಹಲವು ಪಟ್ಟು. ಕಬ್ಬಿಣದ ಬಾಗಿಲಾದರೆ ಚಿಪ್ ಓದಲು ಅಡ್ಡಿಯಾಗುತ್ತದೆ, ಕೊಳ್ಳುವ ಮೊದಲೇ ವಿಚಾರಿಸಿ. ನಾವು ತಂದದ್ದು ಸಾಮಾನ್ಯ ಕಿಂಡಿ.

ಅಳತೆ: ಬಾಗಿಲಿನದ್ದಲ್ಲ, ಬೆಕ್ಕಿನದ್ದು

ಇಲ್ಲೇ ಹೆಚ್ಚಿನವರು ತಪ್ಪುವುದು. ನೆಲಕ್ಕೆ ಹತ್ತಿರವಿದ್ದಷ್ಟೂ ಬೆಕ್ಕಿಗೆ ಸುಲಭ ಎಂದುಕೊಂಡು ತೀರಾ ಕೆಳಗೆ ಕತ್ತರಿಸಿಬಿಡುತ್ತಾರೆ. ಬೆಕ್ಕು ಕಿಂಡಿಯೊಳಗೆ ತೆವಳುವುದಿಲ್ಲ, ಹೆಜ್ಜೆ ಎತ್ತಿ ದಾಟುತ್ತದೆ. ಹಾಗಾಗಿ ತೂತಿನ ಕೆಳ ಅಂಚು ಅದರ ಹೊಟ್ಟೆಯ ಮಟ್ಟಕ್ಕೆ ಇರಬೇಕು. ತುಂಬ ಕೆಳಗಿದ್ದರೆ ಪ್ರತಿ ಸಲವೂ ಬೆನ್ನು ಬಗ್ಗಿಸಬೇಕು. ಮೇಲಿದ್ದರೆ ನೆಗೆಯಬೇಕು. ವಯಸ್ಸಾದ ಬೆಕ್ಕಿಗೆ ಎರಡೂ ನೋವು.

ಬೆಕ್ಕು ಊಟ ಮಾಡುತ್ತಾ ನಿಂತಿರುವಾಗ ಪಕ್ಕದಲ್ಲಿ ಸ್ಕೇಲ್ ನಿಲ್ಲಿಸಿ. ನೆಲದಿಂದ ಹೊಟ್ಟೆಗೆ ಎಷ್ಟು ಎಂದು ನೋಡಿ. ಚಿನ್ನಿಗೆ 14 ಸೆಂ.ಮೀ. ಬಂತು. ಈಗ ಹೊಸ್ತಿಲಿನ ಲೆಕ್ಕ. ಹೊಸ್ತಿಲಿರುವ ಮನೆಯಲ್ಲಿ ಬಾಗಿಲಿನ ಕೆಳ ಅಂಚು ನೆಲಕ್ಕಿಂತ ಮೇಲಿರುತ್ತದೆ. ನಮ್ಮಲ್ಲಿ ಅದು 4 ಸೆಂ.ಮೀ. 14ರಲ್ಲಿ 4 ಕಳೆದರೆ 10. ಅಂದರೆ ಬಾಗಿಲಿನ ಕೆಳ ಅಂಚಿನಿಂದ 10 ಸೆಂ.ಮೀ. ಮೇಲೆ ತೂತು ಶುರು. ಇದನ್ನು ಕಳೆಯದೆ ಗುರುತು ಹಾಕಿದರೆ ಕಿಂಡಿ ಅಷ್ಟೂ ಮೇಲೆ ಹೋಗುತ್ತದೆ.

ಹೊರಗಿನ ನೆಲವನ್ನೂ ನೋಡಿ. ನಮ್ಮ ಕಡೆ ಹಿತ್ತಿಲು ಮನೆಗಿಂತ ಒಂದೆರಡು ಮೆಟ್ಟಿಲು ಕೆಳಗೇ ಇರುತ್ತದೆ. ಹೊರಗೆ ನಿಂತ ಬೆಕ್ಕಿಗೆ ಅದೇ ಕಿಂಡಿ ಎದೆಯ ಮೇಲಕ್ಕೆ ಬರುತ್ತದೆ. ಪರಿಹಾರ ಸರಳ. ಅಲ್ಲಾಡದ ಒಂದು ಚಪ್ಪಡಿ ಕಲ್ಲನ್ನು ಹೊರಗೆ ಮೆಟ್ಟಿಲಿನಂತೆ ಇಡಿ. ಬೆಕ್ಕು ಅದರ ಮೇಲೆ ನಾಲ್ಕೂ ಕಾಲು ಊರಿ ನಿಲ್ಲುವಷ್ಟು ಅಗಲವಿರಲಿ.

ಅಗಲಕ್ಕೆ, ಬೆಕ್ಕಿನ ಮೈಯ ಅತಿ ದಪ್ಪ ಭಾಗ ಅಳೆದು 2–3 ಸೆಂ.ಮೀ. ಸೇರಿಸಿ. ಮರಿಯ ಅಳತೆಗೆ ಕೊಳ್ಳಬೇಡಿ, ಬೆಳೆಯುತ್ತದೆ. ಕೊನೆಯದಾಗಿ, ತೂತಿನಿಂದ ಕೈ ಹಾಕಿದರೆ ಚಿಲಕ ಎಟುಕುತ್ತದಾ ಎಂದು ಪರೀಕ್ಷಿಸಿ. ಎಟುಕುವಂತಿದ್ದರೆ ಚಿಲಕವನ್ನೇ ಮೇಲಕ್ಕೆ ಸರಿಸಿ.

ಕತ್ತರಿಸುವುದು

ಬೇಕಾಗುವುದು ಇಷ್ಟು: ಡ್ರಿಲ್, 10 ಅಥವಾ 12 ಎಂ.ಎಂ. ಮರದ ಬಿಟ್, ಜಿಗ್‌ಸಾ, ಆ ಕರೆಂಟ್ ಗರಗಸಕ್ಕೆ ಸಣ್ಣ ಹಲ್ಲಿನ ಬ್ಲೇಡು, ರಸಮಟ್ಟ, ಪೆನ್ಸಿಲ್, ಮಾಸ್ಕಿಂಗ್ ಟೇಪ್, ಸ್ಯಾಂಡ್‌ಪೇಪರ್, ವುಡ್ ಪ್ರೈಮರ್, ಸ್ಕ್ರೂಡ್ರೈವರ್. ಕಣ್ಣಿಗೆ ಕನ್ನಡಕ. ಜಿಗ್‌ಸಾ ಕೈಯಲ್ಲಿ ಹಿಡಿದು ಅಭ್ಯಾಸವಿಲ್ಲದಿದ್ದರೆ ಈ ಭಾಗವನ್ನು ಆಚಾರ್ರಿಗೆ ಬಿಡಿ. ನಾವು ಹಾಗೇ ಮಾಡಿದೆವು. "ಅಕ್ಕ, ಇಷ್ಟು ಚೆನ್ನಾಗಿರೋ ಬಾಗಿಲಿಗೆ ತೂತಾ?" ಎಂದು ಅವರು ಎರಡು ಸಲ ಕೇಳಿದರು. ಅಳತೆ ಮಾತ್ರ ನೀವೇ ಕೊಡಿ. ಬೆಕ್ಕು ನಿಮ್ಮದು.

ಬೆಕ್ಕನ್ನು ಬೇರೆ ಕೋಣೆಯಲ್ಲಿ ಕೂಡಿಹಾಕಿ. ಆ ಸದ್ದು ಕೇಳಿದರೆ ಮುಂದೆ ಬಾಗಿಲ ಹತ್ತಿರವೂ ಬರುವುದಿಲ್ಲ. ಬಾಗಿಲನ್ನು ಹಿಂಜಸ್‌ನಿಂದ ಬಿಚ್ಚಿ ಎರಡು ಸ್ಟೂಲ್ ಮೇಲೆ ಮಲಗಿಸಿದರೆ ಕೆಲಸ ಅಚ್ಚುಕಟ್ಟು. ಗಟ್ಟಿ ಬಾಗಿಲು ಭಾರವಿರುತ್ತದೆ, ಇಬ್ಬರು ಬೇಕೇ ಬೇಕು. ಬಿಚ್ಚಲು ಆಗದಿದ್ದರೆ ಪೂರ್ತಿ ತೆರೆದು, ಕೆಳಗೆ ಎರಡೂ ಕಡೆ ಮರದ ಚಕ್ಕೆ ತುರುಕಿ ಅಲುಗಾಡದಂತೆ ಮಾಡಿ.

ಕಿಂಡಿಯ ಡಬ್ಬಿಯಲ್ಲಿ ಕಾಗದದ ಅಚ್ಚು ಇರುತ್ತದೆ. ಮೊದಲು ಬಾಗಿಲಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಮೇಲೆ ಅಚ್ಚು ಇಟ್ಟು, ರಸಮಟ್ಟದಿಂದ ಸಮ ಮಾಡಿ ಗೆರೆ ಎಳೆಯಿರಿ. ಬಾಗಿಲಿನ ಅಂಚನ್ನು ನಂಬಬೇಡಿ. ಹಳೆಯ ಬಾಗಿಲುಗಳು ಜೋತು ಬಿದ್ದಿರುತ್ತವೆ. ಕಿಂಡಿ ಓರೆಯಾದರೆ ಹಲಗೆ ನಡುವಿಗೆ ಬಂದು ನಿಲ್ಲುವುದಿಲ್ಲ, ಅಯಸ್ಕಾಂತ ಹಿಡಿಯುವುದಿಲ್ಲ.

ಗೆರೆಯ ಒಳಗೆ, ನಾಲ್ಕೂ ಮೂಲೆಯಲ್ಲಿ ತೂತು ಕೊರೆಯಿರಿ. ಆ ತೂತಿಗೆ ಬ್ಲೇಡು ಇಳಿಸಿ ಒಂದು ಮೂಲೆಯಿಂದ ಇನ್ನೊಂದಕ್ಕೆ ನಿಧಾನವಾಗಿ ಕತ್ತರಿಸಿ. ದೂಡಬೇಡಿ, ದೂಡಿದರೆ ಬ್ಲೇಡು ಬಗ್ಗಿ ಹಿಂಬದಿಯ ಗೆರೆ ಸೊಟ್ಟಗಾಗುತ್ತದೆ. ಟೇಪ್ ಇರುವುದು ಪ್ಲೈವುಡ್ ಸಿಬಿರು ಏಳದಿರಲಿ ಎಂದು. ಸ್ವಲ್ಪ ಎದ್ದರೂ ಚಿಂತೆ ಬೇಡ, ಚೌಕಟ್ಟಿನ ಅಂಚು ಮುಚ್ಚಿಕೊಳ್ಳುತ್ತದೆ. ಕೊನೆಯ ಬದಿ ಕತ್ತರಿಸುವಾಗ ತುಂಡನ್ನು ಇನ್ನೊಬ್ಬರು ಹಿಡಿದುಕೊಳ್ಳಲಿ. ಆ ತುಂಡನ್ನು ಎಸೆಯಬೇಡಿ. ಮುಂದೆ ಕಿಂಡಿ ಬೇಡವಾದರೆ ಅದನ್ನೇ ಕೂರಿಸಿ ಮುಚ್ಚಬಹುದು.

ಈಗ ಚೌಕಟ್ಟನ್ನು ಸುಮ್ನೆ ಒಮ್ಮೆ ಇಟ್ಟು ನೋಡಿ. ಬಿಗಿಯಾದರೆ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ. ಸುತ್ತಿಗೆ ಬೇಡವೇ ಬೇಡ.

ಆಮೇಲೆ ಅವಸರ ಮಾಡಬಾರದ ಒಂದು ಕೆಲಸ. ಕತ್ತರಿಸಿದ ಅಂಚಿಗೆ ಎರಡು ಸಲ ವುಡ್ ಪ್ರೈಮರ್ ಬಳಿದು ಒಣಗಲು ಬಿಡಿ. ಮಲೆನಾಡಿನ ಮಳೆಗೆ ಬರಿ ಮರದ ಅಂಚು ನೀರು ಹೀರುತ್ತದೆ. ಫ್ಲಶ್ ಡೋರ್ ಆದರೆ ಪದರ ಬಿಟ್ಟುಕೊಂಡು ಉಬ್ಬುತ್ತದೆ, ಕಿಂಡಿಯ ಚೌಕಟ್ಟನ್ನು ಹಿಸುಕಿ ಹಲಗೆ ಸಿಕ್ಕಿಕೊಳ್ಳುವಂತೆ ಮಾಡುತ್ತದೆ. ನಮಗೆ ಆದದ್ದು ಅದೇ. ಮೊದಲ ಸಲ ಪ್ರೈಮರ್ ಬಿಟ್ಟು, ಆಷಾಢದಲ್ಲಿ ಎಲ್ಲ ಬಿಚ್ಚಿ, ಹೊಸದಾಗಿ ಉಜ್ಜಿ ಬಳಿಯಬೇಕಾಯಿತು. ಆ ವಾರವೆಲ್ಲ ಚಿನ್ನಿ ಒಳಗೇ ಕೂತಿದ್ದಳು.

ಪ್ರೈಮರ್ ಒಣಗಿದ ಮೇಲೆ ಹೊರಗಿನ ಚೌಕಟ್ಟು, ಒಳಗಿನ ಚೌಕಟ್ಟು ಕೂರಿಸಿ ಬೋಲ್ಟ್ ಹಾಕಿ. ಡ್ರಿಲ್‌ನಿಂದ ಬಿಗಿ ಮಾಡಬೇಡಿ, ಪ್ಲಾಸ್ಟಿಕ್ ಬಾಗುತ್ತದೆ. ಕೈಯಿಂದ, ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ನಡುನಡುವೆ ಹಲಗೆ ತೂಗಿ ನೋಡಿ. ಬೋಲ್ಟ್ ಉದ್ದವಾದರೆ ಹ್ಯಾಕ್ಸಾದಲ್ಲಿ ಕತ್ತರಿಸಿ. ಹೊರಗಿನ ಚೌಕಟ್ಟಿನ ಮೇಲಂಚು ಮತ್ತು ಎರಡು ಬದಿಗೆ ಸಿಲಿಕಾನ್ ಎಳೆಯಿರಿ. ಕೆಳ ಅಂಚು ಬಿಡಿ, ಒಳಗೆ ಹೋದ ನೀರು ಹೊರಗೆ ಬರಲಿ.

ಬೆಕ್ಕಿಗೆ ಹೇಳಿಕೊಡುವುದು

ಬಾಗಿಲ ಕೆಲಸ ಅರ್ಧ ದಿನದ್ದು, ಇದು ಒಂದೆರಡು ವಾರದ್ದು. ಮೊದಲ ಮೂರು ನಾಲ್ಕು ದಿನ ಹಲಗೆಯನ್ನು ಪೂರ್ತಿ ಮೇಲಕ್ಕೆತ್ತಿ ಟೇಪ್ ಅಂಟಿಸಿಬಿಡಿ. ಬರೀ ತೂತು ಇರಲಿ. ಬೆಕ್ಕು ಒಳಗಿದ್ದಾಗ ನೀವು ಹೊರಗೆ ಕೂತು, ಒಣಮೀನಿನ ಚೂರು ಹಿಡಿದು ಹೆಸರು ಕರೆಯಿರಿ. ಬಂದ ಮೇಲೆ ಕೊಡಿ. ಆಮೇಲೆ ನೀವು ಒಳಗೆ, ಅದು ಹೊರಗೆ. ಎಷ್ಟೇ ಹಟ ಮಾಡಿದರೂ ಹಿಡಿದು ತೂರಿಸಬೇಡಿ. ಒಮ್ಮೆ ತೂರಿಸಿದರೆ ಕಿಂಡಿ ಎಂದರೆ ಹೆದರಿಕೆ ಎಂದೇ ಅದರ ತಲೆಯಲ್ಲಿ ಉಳಿಯುತ್ತದೆ.

ಓಡಾಟ ಸರಾಗವಾದ ಮೇಲೆ ಹಲಗೆಯನ್ನು ಅರ್ಧಕ್ಕೆ ಇಳಿಸಿ. ಬೆನ್ನಿಗೆ ತಾಗುವುದು ಅಭ್ಯಾಸವಾಗಲಿ. ಎರಡು ದಿನ ಬಿಟ್ಟು ಒಂದು ಸಣ್ಣ ಸಂದು ಮಾತ್ರ ಬಿಡಿ. ಮೂಗಿನಿಂದ ದೂಡುವುದನ್ನು ಕಲಿಯುವುದು ಇಲ್ಲೇ. ಕೊನೆಗೆ ಪೂರ್ತಿ ಇಳಿಸಿ. ಅಯಸ್ಕಾಂತದ ಟಕ್ ಸದ್ದಿಗೆ ಕೆಲವು ಬೆಕ್ಕು ಬೆಚ್ಚಿ ಹಿಂದೆ ಸರಿಯುತ್ತವೆ. ಆಗ ಅಯಸ್ಕಾಂತದ ಮೇಲೆ ಒಂದು ಸುತ್ತು ಟೇಪ್ ಹಾಕಿ, ಹಿಡಿತವೂ ಸದ್ದೂ ಕಡಿಮೆಯಾಗುತ್ತವೆ. ಚಿನ್ನಿ ಒಂಬತ್ತನೇ ದಿನ ಯಾರೂ ಕರೆಯದೆ ತಾನಾಗಿಯೇ ಒಳಗೆ ಬಂದಳು. ನಾನು ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದೆ. ಟಕ್ ಎಂದಿತು, ತಿರುಗಿ ನೋಡಿದರೆ ಅವಳು ನಿಂತಿದ್ದಳು. ಕಣ್ಣಲ್ಲಿ ನೀರು ಬಂತು ನನಗೆ.

ಕಿಂಡಿ ತೆರೆಯುವ ಮೊದಲು ಸಂತಾನಹರಣ ಶಸ್ತ್ರಚಿಕಿತ್ಸೆಯೂ ರೇಬೀಸ್ ಲಸಿಕೆಯೂ ಆಗಿರಲೇಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ರಾತ್ರಿ ಮತ್ತು ಮಳೆಗಾಲ

ಕತ್ತಲಾಗುವ ಮೊದಲು ಊಟ ಹಾಕಿ. ಬೆಕ್ಕು ಒಳಗೆ ಬಂದ ಮೇಲೆ ಬೀಗವನ್ನು ಬಂದ್‌ಗೆ ತಿರುಗಿಸಿ. ರಾತ್ರಿ ಹೆಗ್ಗಣ ಬರಬಹುದು, ಬೇರೆ ಬೆಕ್ಕು ಬರಬಹುದು. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಹಾವೂ ಬರಬಹುದು. ಮುಚ್ಚಿದ ಹಲಗೆಯ ಸುತ್ತ ಇರುವ ಬ್ರಷ್ ಪಟ್ಟಿ ಸವೆದಿದ್ದರೆ ಬದಲಿಸಿ, ಸಣ್ಣ ಹಾವಿನ ಮರಿಗೆ ಆ ಸಂದು ಸಾಕು. ಮಂಗಗಳು ಬರುವ ಕಡೆ ಹಗಲಲ್ಲೂ, ಮನೆಯಲ್ಲಿ ಯಾರಾದರೂ ಇದ್ದಾಗ ಮಾತ್ರ ತೆರೆದಿಡಿ. ಬೆಕ್ಕು ಬಾಯಲ್ಲಿ ಕಚ್ಚಿಕೊಂಡು ತರುವ ಇಲಿ, ಓತಿಕ್ಯಾತ, ಹಾವನ್ನು ಮಾತ್ರ ಸಾಮಾನ್ಯ ಕಿಂಡಿ ತಡೆಯುವುದಿಲ್ಲ. ಹಾಗಾಗಿ ಬೆಳಿಗ್ಗೆ ಎದ್ದ ಕೂಡಲೇ ಬರಿಗಾಲಲ್ಲಿ ಕಿಂಡಿಯ ಹತ್ತಿರ ಹೋಗಬೇಡಿ, ದೀಪ ಹಾಕಿ.

ತಿಂಗಳಿಗೊಮ್ಮೆ ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಅಯಸ್ಕಾಂತಕ್ಕೆ ಅಂಟಿದ ಕಬ್ಬಿಣದ ಪುಡಿಯನ್ನು ಟೇಪಿನಿಂದ ಎತ್ತಿ ತೆಗೆಯಿರಿ. ಕೀಲಿನಲ್ಲಿ ಸಿಕ್ಕಿದ ಕೂದಲನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೆರೆಯಿರಿ. ಎಣ್ಣೆ ಬಿಡಬೇಡಿ, ಧೂಳು ಮೆತ್ತಿಕೊಳ್ಳುತ್ತದೆ, ಬೆಕ್ಕು ಅದನ್ನು ನೆಕ್ಕುತ್ತದೆ. ಮೇ ತಿಂಗಳಲ್ಲಿ ಒಮ್ಮೆ ಬೋಲ್ಟ್‌ಗಳನ್ನೂ ಸಿಲಿಕಾನ್ ಬಿರುಕನ್ನೂ ನೋಡಿಬಿಡಿ, ಜೂನ್‌ನಲ್ಲಿ ಮಳೆ ಹಿಡಿದರೆ ಬಿಚ್ಚಿ ಒಣಗಿಸಲು ಬಿಸಿಲೇ ಸಿಗುವುದಿಲ್ಲ.