ಗೆರಿ ಮ್ಯಾಲ ಗೆರಿ ಕುಂತದ

“ಇದೇನೋ ತಮ್ಮಾ, ಗೆರಿ ಮ್ಯಾಲ ಗೆರಿ ಕುಂತದ. ಯಾರು ಯಾರಿಗಿ ಕೊಟ್ಟಾರ ಹ್ಯಾಂಗ ತಿಳೀಬೇಕು?”

ಕಲಬುರಗಿಯ ನೆಹರು ಗಂಜಿನ (ಮಾರುಕಟ್ಟೆಯ) ಸಾವ್ಕಾರ್ರು ನನ್ನ ಮೊದಲ ಡೆಮೊ ನೋಡಿ ಇಷ್ಟೇ ಅಂದರು. ಅವರ ವ್ಯವಹಾರದಲ್ಲಿ ಯಾರಿಂದ ಯಾರಿಗೆ ಏನು ಹೋಗುತ್ತದೆ ಅಂತ ಬ್ರೌಸರಿನಲ್ಲಿ ಗೆರೆ ಎಳೆದು ತೋರಿಸುವ ಕೆಲಸ ನನ್ನದು. ಅವರದು ದಾಲ್ ಮಿಲ್. ಗಂಜಿನ ದಲಾಲರು, ಬೇರೆ ಮಿಲ್‌ಗಳು, ಜೇವರ್ಗಿ, ಸೇಡಂ, ಆಳಂದದ ಅಂಗಡಿಗಳು ಸೇರಿ 400ರ ಆಸುಪಾಸು ನೋಡ್ (ಒಬ್ಬೊಬ್ಬರಿಗೊಂದು ಬಿಂದು), 2,600 ಎಡ್ಜ್ (ಬಿಂದುಗಳನ್ನು ಜೋಡಿಸುವ ಗೆರೆ) ಇದ್ದಾವು. ಒಬ್ಬ ದಲಾಲನಿಂದ ಮಿಲ್ಲಿಗೆ ತೊಗರಿ ಬರುತ್ತದೆ, ಮಿಲ್ಲಿನಿಂದ ದುಡ್ಡು ಹೋಗುತ್ತದೆ, ಖಾಲಿ ಚೀಲವೂ ವಾಪಸ್ ಹೋಗುತ್ತದೆ. ನೇರ ಗೆರೆ ಎಳೆದರೆ ಮೂರೂ ಒಂದೇ ಆಗಿ ಕಾಣುತ್ತವೆ.

40,000 ಕೇಳಿದ್ದೆ, ಜಗ್ಗಿ ಜಗ್ಗಿ 32,000ಕ್ಕೆ ತಂದರು, ಮುಂಗಡ 10,000. ಬೆಂಗಳೂರಿನ ಗೆಳೆಯ, “ವೆಬ್‌ಜಿಎಲ್ ಇಲ್ಲದೆ ಆಗಲ್ಲ ಮಗಾ, ಒಬ್ಬನ್ನ ಕೊಡಿಸ್ತೀನಿ, 25 ಸಾವಿರ ತಗೋತಾನೆ” ಅಂದ. ವೆಬ್‌ಜಿಎಲ್ ಅಂದರೆ ಗ್ರಾಫಿಕ್ಸ್ ಚಿಪ್ಪಿನಿಂದ ಬ್ರೌಸರಿನಲ್ಲಿ ಚಿತ್ರ ಬಿಡಿಸುವ ದಾರಿ. ಆಮೇಲೆ ನನಗೆ ಉಳಿಯೋದೇನು? ಅದಕ್ಕೂ ಮುಂಚೆ 6,000 ಚಿಲ್ಲರೆ ಕೊಟ್ಟು ಒಂದು ರೆಡಿಮೇಡ್ ಪ್ಲಗಿನ್ ಕೊಂಡು ಕೈ ಸುಟ್ಟುಕೊಂಡಿದ್ದೆ. ಅದರ ಮಾತು ಬೇಡ.

ಮೊದಲು ವಿಸ್-ನೆಟ್‌ವರ್ಕ್ ಅನ್ನೋ ಕೋಡ್ ಲೈಬ್ರರಿ ಹಚ್ಚಿದೆ. ಸ್ಮೂತ್ ಎಡ್ಜ್‌ಗೆ (ಬಾಗಿದ ಗೆರೆಗೆ) ‘ಡೈನಾಮಿಕ್’ ಆರಿಸಿದ್ದು ನನ್ನದೇ ತಪ್ಪು. ಅದು ಎಡ್ಜಿಗೊಂದು ಕಣ್ಣಿಗೆ ಕಾಣದ ನೋಡ್ ಸೇರಿಸಿ ಫಿಸಿಕ್ಸ್ (ನೋಡ್‌ಗಳ ಎಳೆದಾಟ, ತಳ್ಳಾಟದ ಲೆಕ್ಕ) ನಡೆಸುತ್ತದೆ. 400 ಇದ್ದದ್ದು 3,000 ಆಯಿತು. ಸಾವ್ಕಾರ್ರ ಆಫೀಸಿನ ಹಳೇ ಕಂಪ್ಯೂಟರಿನ ಫ್ಯಾನು ಮಿಲ್ಲಿಗಿಂತ ಜೋರಾಗಿ ಕೂಗಿತು. ಡಿ3 ಅನ್ನೋ ಇನ್ನೊಂದು ಲೈಬ್ರರಿಯಿಂದ ಎಸ್‌ವಿಜಿಯಲ್ಲಿ (ಪ್ರತಿ ಗೆರೆಯೂ ಬ್ರೌಸರಿಗೆ ಒಂದೊಂದು ವಸ್ತು) ಮಾಡಿದರೆ ಗೆರೆ ಚೆಂದ ಬಂದವು, ಆದರೆ ನೋಡ್ ಎಳೆದಾಗ ಸೆಕೆಂಡಿಗೆ ಆರೋ ಏಳೋ ಫ್ರೇಮು. ಸೈಟೋಸ್ಕೇಪ್ ಅನ್ನೋ ಮೂರನೇ ಲೈಬ್ರರಿಯ ಬೆಝಿಯರ್ (ಬಾಗಿದ ಗೆರೆ) ಸ್ಟೈಲು ಜೋಡಿ ಗೆರೆಗಳನ್ನು ತಾನೇ ಬಿಡಿಸಿಡುತ್ತದೆ, ಅದು ಖರೆ. ಆದರೆ ಹೆಸರು ಗೆರೆಯ ಬಾಗಿನ ಮೇಲೇ ಹರಿಯಬೇಕು ಅಂತ ಸಾವ್ಕಾರ್ರ ಹಟ. ಅದರಲ್ಲಿ ಅಕ್ಷರ ಓರೆಯಾಗುತ್ತದೆ, ಬಾಗುವುದಿಲ್ಲ.

ಕೊನೆಗೆ ಲೇಔಟಿಗೆ (ಯಾವ ನೋಡ್ ಎಲ್ಲಿ ಕೂರಬೇಕು ಅನ್ನುವುದಕ್ಕೆ) ಮಾತ್ರ ಡಿ3 ಫೋರ್ಸ್ ಇಟ್ಟುಕೊಂಡು, ಬಿಡಿಸುವುದನ್ನೆಲ್ಲ ಬ್ರೌಸರಿನ ಖಾಲಿ ಹಾಳೆಯಂಥ ಕ್ಯಾನ್ವಾಸಿನಲ್ಲಿ ಕೈಯಾರೆ ಬರೆದೆ. ಕ್ವಾಡ್ರಾಟಿಕ್ ಕರ್ವ್, ಗೆರೆಯನ್ನು ತನ್ನತ್ತ ಎಳೆದು ಬಾಗಿಸುವ ಒಂದೇ ಕಂಟ್ರೋಲ್ ಪಾಯಿಂಟ್. ನಡುಬಿಂದುವಿನಿಂದ ಲಂಬವಾಗಿ ಅದನ್ನು ಸರಿಸಿದರೆ ಆಯಿತು ಅಂತ ನೀವೂ ಅಂದುಕೊಂಡಿರುತ್ತೀರಿ. ನಾನೂ ಅಂದುಕೊಂಡಿದ್ದೆ, ನಾಲ್ಕು ದಿನ ಹೋಯಿತು. ಮೂರು ಗೆರೆಗೆ -1, 0, +1 ಅಂತ ಸ್ಥಾನ ಕೊಟ್ಟೆ. ತೊಗರಿ -1, ದುಡ್ಡು 0, ಚೀಲ +1. ಪರದೆಯಲ್ಲಿ ಎರಡೇ ಗೆರೆ! ತೊಗರಿಯ ಗೆರೆಯ ಮೇಲೆ ಚೀಲದ ಗೆರೆ ಕೂತಿತ್ತು. ಚೀಲ ಹೋಗುವುದು ಉಲ್ಟಾ ದಿಕ್ಕಿಗೆ, ಹಾಗಾಗಿ ಲಂಬವೂ ಉಲ್ಟಾ, +1 ಅಂದದ್ದು -1 ಆಗಿತ್ತು. ಯಾವ ಗೆರೆ ಎತ್ತ ಹೋದರೂ ಲಂಬವನ್ನು ನೋಡಿನ ಸಣ್ಣ ಐಡಿಯಿಂದ (ಗುರುತಿನ ಸಂಖ್ಯೆಯಿಂದ) ದೊಡ್ಡ ಐಡಿಗೇ ಲೆಕ್ಕ ಹಾಕಿದೆ. ಒಂದು ಸಾಲಿನ ಕೆಲಸ.

ಇನ್ನೊಂದು, ಕಂಟ್ರೋಲ್ ಪಾಯಿಂಟನ್ನು 40 ಪಿಕ್ಸೆಲ್ ಸರಿಸಿದರೆ ಗೆರೆಯ ಹೊಟ್ಟೆ ಉಬ್ಬುವುದು 20 ಮಾತ್ರ. ಇದು ಮರೆತು ಹೆಸರನ್ನು ಕಂಟ್ರೋಲ್ ಪಾಯಿಂಟಿನಲ್ಲೇ ಇಟ್ಟಿದ್ದೆ, ಎಲ್ಲ ಗಾಳಿಯಲ್ಲಿ ತೇಲುತ್ತಿದ್ದವು. ಬಾಣದ ಮೊನೆಯ ದಿಕ್ಕನ್ನು ಕಂಟ್ರೋಲ್ ಪಾಯಿಂಟಿನಿಂದ ಗುರಿಗೆ ತೆಗೀರಿ, ಹೊರಟ ನೋಡಿನಿಂದ ಅಲ್ಲ. ಉಬ್ಬು ಎಷ್ಟಿರಬೇಕು ಅನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ, ಹತ್ತಿರದವು ಡೊಳ್ಳು ಹೊಟ್ಟೆ ಆಗುವುದಿಲ್ಲ, ದೂರದವು ಪರದೆ ದಾಟುವುದಿಲ್ಲ. ಅದು ನನ್ನ ಹೊಟ್ಟೆಪಾಡು, ಹೇಳುವುದಿಲ್ಲ.

ಯಾವ ಗೆರೆ ಒತ್ತಿದರು ಅಂತ ತಿಳಿಯಲು ಮರೆಯಲ್ಲಿ ಇನ್ನೊಂದು ಕ್ಯಾನ್ವಾಸ್. ಎಡ್ಜಿಗೊಂದು ಬಣ್ಣ, ದಪ್ಪ ಗೆರೆ, ಕ್ಲಿಕ್ ಬಿದ್ದ ಪಿಕ್ಸೆಲ್ ಓದಿ ಎಡ್ಜ್ ಹುಡುಕುವುದು. ಗೆರೆಯ ಅಂಚಿನಲ್ಲಿ ಬಣ್ಣ ಕಲೆಸಿಕೊಂಡು ಮೂರನೆಯವನ ಐಡಿ ಬರುತ್ತಿತ್ತು. ಸೇಡಂನವನ ಗೆರೆ ಒತ್ತಿದರೆ ಆಳಂದದವನ ಖಾತೆ ತೆರೆಯಿತು, ಅದೂ ಸಾವ್ಕಾರ್ರ ಎದುರಿಗೇ. ಈಗ ಸುತ್ತಲ 25 ಪಿಕ್ಸೆಲ್ ಓದಿ, ಹೆಚ್ಚು ಸಲ ಬಂದ ಬಣ್ಣವನ್ನೇ ನಂಬುತ್ತೇನೆ.

ಕನ್ನಡ ಹೆಸರು ಬಾಗಿಸುವುದು ಬೇರೆಯೇ ಗೋಳು. ಅಕ್ಷರ ಬಿಡಿ ಬಿಡಿ ಮಾಡಿ ತಿರುಗಿಸಿ ಬರೆಯಬೇಕಲ್ಲ. ಸುಮ್ಮನೆ ಒಡೆದರೆ ಕೊಂಬು, ದೀರ್ಘ ಎಲ್ಲ ಚುಕ್ಕೆ ವೃತ್ತದ ಜೊತೆ ಅನಾಥ. ಅಕ್ಷರ ಒಡೆಯಲೆಂದೇ ಬ್ರೌಸರಿನಲ್ಲಿರುವ ಸೆಗ್ಮೆಂಟರ್ ಹಾಕಿದರೆ ಗುಣಿತಾಕ್ಷರ ಉಳಿದವು, ಒತ್ತಕ್ಷರ ಹರಿದವು, ‘ಮಿಲ್ಲು’ ಹೋಗಿ ‘ಮಿ ಲ್ ಲು’. ಹಲಂತದಲ್ಲಿ ಮುಗಿಯುವ ತುಂಡನ್ನು ಮುಂದಿನದಕ್ಕೆ ಹೊಲಿದೆ. ಎಡಕ್ಕೆ ಹೋಗುವ ಗೆರೆಯಲ್ಲಿ ಹೆಸರು ತಲೆಕೆಳಗಾಗುತ್ತದೆ, ಅಲ್ಲಿ ಬರೆಯುವ ದಿಕ್ಕು ತಿರುಗಿಸಬೇಕು.

ನಡುವೆ ಹುಚ್ಚಿಗೆ ಎಡ್ಜ್ ಬಂಡ್ಲಿಂಗ್ (ಗೆರೆಗಳನ್ನು ಕಟ್ಟು ಕಟ್ಟುವುದು) ಕೂಡ ಮಾಡಿದೆ, ಸಂಶೋಧಕ ಡ್ಯಾನಿ ಹೋಲ್ಟನ್ 2006ರಲ್ಲಿ ತೋರಿಸಿದ ದಾರಿ. ಒಂದು ವಾರ ತಿಂದಿತು. ಗೆರೆಗಳೆಲ್ಲ ಜಡೆ ಹೆಣೆದಂತೆ ಸೇರಿ ಭಾಳ ಚೆಂದ ಕಂಡವು. ಆದರೆ ಯಾವ ಎಳೆ ಯಾರದು ಅಂತ ನನಗೇ ತಿಳಿಯಲಿಲ್ಲ. ತೆಗೆದು ಹಾಕಿದೆ.

ಎಲ್ಲ ಮುಗೀತು ಅಂದುಕೊಂಡ ದಿನ ಸಾವ್ಕಾರ್ರು ಕೇಳಿದರು, “ನಮ್ಮ ಗಂಜಿನಾಗಿಂದು ಎಲ್ಲಿ ಹೋಗ್ಯದ?” 2014ರ ನವೆಂಬರಿನಲ್ಲಿ ಊರಿನ ಹೆಸರು ಬದಲಾಯಿತಲ್ಲ, ಅದಕ್ಕೇ ಹಳೇ ಲೆಕ್ಕದಲ್ಲಿ ‘ಗುಲ್ಬರ್ಗಾ ಗಂಜ್’, ಹೊಸದರಲ್ಲಿ ‘ಕಲಬುರಗಿ ಗಂಜ್’. ಎರಡನ್ನೂ ಒಂದೇ ನೋಡ್ ಮಾಡಿದ್ದೆ. ಅವುಗಳ ನಡುವಿನ 60 ಗೆರೆ ತನ್ನಿಂದ ತನಗೇ ಆದವು. ಉದ್ದ ಸೊನ್ನೆ, ಸೊನ್ನೆಯಿಂದ ಭಾಗಿಸಿದಾಗ ಲಂಬ ಎನ್‌ಎಎನ್, ಅಂದರೆ ‘ಸಂಖ್ಯೆಯೇ ಅಲ್ಲ’. ಅಂಥದ್ದನ್ನು ಕೊಟ್ಟರೆ ಕ್ಯಾನ್ವಾಸ್ ಎರರ್ ಕೂಡ ಕೊಡುವುದಿಲ್ಲ, ಸುಮ್ಮನೆ ಬಿಡಿಸುವುದೇ ಇಲ್ಲ. ಅವಕ್ಕೆ ಎರಡು ಕಂಟ್ರೋಲ್ ಪಾಯಿಂಟಿನ ಕ್ಯೂಬಿಕ್ ಕರ್ವ್ ಹಾಕಿ ಕಿವಿಯಂಥ ಕುಣಿಕೆ ಮಾಡಿದೆ.

ಈಗ ಅದೇ ಹಳೇ ಕಂಪ್ಯೂಟರಿನಲ್ಲಿ 40 ಫ್ರೇಮಿಗೆ ಕಡಿಮೆ ಇಲ್ಲ. ಎಳೆಯುವಾಗ ಆ ನೋಡಿಗೆ ಅಂಟಿದ ಗೆರೆಗಳನ್ನಷ್ಟೇ ಮೇಲಿನ ಪದರದಲ್ಲಿ ಬಿಡಿಸುತ್ತೇನೆ, ಉಳಿದದ್ದು ಹೆಪ್ಪುಗಟ್ಟಿದ ಚಿತ್ರ. ವೆಬ್‌ಜಿಎಲ್ ಗೆಳೆಯನಿಗೆ ವಿಡಿಯೊ ಕಳಿಸಿದೆ, ಕೋಡ್ ಕಳಿಸು ಅಂದ. ಬೀದರಿನಿಂದ ಇಂಥದ್ದೇ ಒಂದು ಕೆಲಸ ಬಂದಿದೆ, 18,000.

ಸಾವ್ಕಾರ್ರ ಕಡೆಯಿಂದ ಇನ್ನೂ 7,000 ಬರಬೇಕು. ತೊಗರಿ ರಾಶಿ ಆದ ಮ್ಯಾಲ ಕೊಡ್ತೀನಿ ಅಂದಾರ.