ನನ್ನ ಹೆಸರೂ ಒಂದು ಬ್ಯಾಚಿನಲ್ಲಿದೆ: ಜಿಮ್ ನಡೆಸುತ್ತಲೇ ಸ್ಪರ್ಧಿಸಿದ ಅನುಭವ

ಸಣ್ಣ ಪವರ್‌ಲಿಫ್ಟಿಂಗ್ ಜಿಮ್ ನಡೆಸುವವನು ತಾನೂ ಸ್ಪರ್ಧೆಗೆ ಇಳಿದರೆ ಎರಡರಲ್ಲಿ ಒಂದು ಕೆಟ್ಟೇ ಕೆಡುತ್ತದೆ ಎಂಬ ಮಾತನ್ನು ನಾನು ಮೊದಲಿನಿಂದಲೂ ಕೇಳಿದ್ದೇನೆ. ಹೇಳಿದವರೆಲ್ಲ ಈ ಕಸುಬಿನಲ್ಲಿ ನನಗಿಂತ ಹಳಬರು, ಕೆಲವರು ಜಿಮ್ ಉಳಿಸಿಕೊಳ್ಳುವುದಕ್ಕಾಗಿ ಸ್ಪರ್ಧೆಯನ್ನೇ ಬಿಟ್ಟವರು. ಆದರೂ ಕಳೆದ ಮೂರು ವರ್ಷಗಳಿಂದ ನನ್ನಲ್ಲಿ ಎರಡೂ ನಡೆಯುತ್ತಿವೆ. ನನ್ನ ಟೋಟಲ್, ಅಂದರೆ ಸ್ಕ್ವಾಟ್, ಬೆಂಚ್ ಪ್ರೆಸ್, ಡೆಡ್‌ಲಿಫ್ಟ್ ಮೂರರಲ್ಲಿ ಎತ್ತಿದ ಅತಿ ಹೆಚ್ಚಿನ ತೂಕಗಳ ಮೊತ್ತ, 560 ಕಿಲೋ ಆಸುಪಾಸಿನಿಂದ 610ರ ಹತ್ತಿರಕ್ಕೆ ಬಂದಿದೆ. ಜಿಮ್ ತನ್ನ ಬಾಡಿಗೆ, ಸಲಕರಣೆ ಮತ್ತು ನನ್ನ ಸಂಬಳ ಮೂರನ್ನೂ ತಾನೇ ಹೊರುತ್ತಿದೆ. ನಾನು ಮಾಡಿದ್ದು ಇಷ್ಟು: ದಿನವಿಡೀ ಬಾಗಿಲು ತೆರೆದಿಡುವುದನ್ನು ನಿಲ್ಲಿಸಿ, ನಿಗದಿತ ಹೊತ್ತಿನ ಬ್ಯಾಚ್‌ಗಳನ್ನಷ್ಟೇ ಉಳಿಸಿಕೊಂಡು, ಅವುಗಳಲ್ಲಿ ಒಂದರ ಪಟ್ಟಿಯಲ್ಲಿ ನನ್ನ ಹೆಸರನ್ನೂ ಉಳಿದವರ ಹೆಸರಿನ ಕೆಳಗೆ ಬರೆದುಕೊಂಡೆ.

ಇಲ್ಲಿಗೆ ಬರುವ ಮೊದಲು ಸಾಧ್ಯವಿರುವ ಎಲ್ಲ ಹೊತ್ತನ್ನೂ ಪರೀಕ್ಷಿಸಿಯಾಗಿತ್ತು. ನಸುಕಿನಲ್ಲಿ, ಜಿಮ್ ತೆರೆಯುವ ಮುನ್ನ ಅಭ್ಯಾಸ ಮಾಡುವುದು ಎಲ್ಲರೂ ಮೊದಲು ಹಿಡಿಯುವ ದಾರಿ. ಎದ್ದ ಒಂದು ಗಂಟೆಯೊಳಗೆ ಭಾರದ ಸ್ಕ್ವಾಟ್ ಮಾಡಿದರೆ ಬೆನ್ನು ಬಿಗಿಯಾಗಿಯೇ ಇರುತ್ತದೆ; ಅದಕ್ಕಿಂತ ಹೆಚ್ಚಾಗಿ, ಅದಾದ ಮೇಲೆ ಆರೇಳು ಗಂಟೆ ನಿಂತುಕೊಂಡೇ ಕೋಚಿಂಗ್ ಮಾಡುವುದರಿಂದ ಕಾಲು ಚೇತರಿಸಿಕೊಳ್ಳುವುದೇ ಇಲ್ಲ. ರಾತ್ರಿ ಮುಚ್ಚಿದ ಮೇಲೆ ಮಾಡಿದಾಗ ಆರ್‌ಪಿಇ (ಎತ್ತಲು ಬೇಕಾದ ಶ್ರಮಕ್ಕೆ ಹತ್ತರವರೆಗೆ ಕೊಡುವ ಅಂಕ) 8 ಆಗಬೇಕಿದ್ದ ತೂಕ ಪ್ರತಿ ಸಲವೂ 9 ಆಗುತ್ತಿತ್ತು, ಜೊತೆಗೆ ನಿದ್ರೆ ಹಾಳು. ಸದಸ್ಯರ ನಡುವೆಯೇ ಬಿಡುವು ಸಿಕ್ಕಾಗ ಸೆಟ್ ಮಾಡುವುದಂತೂ ಎಲ್ಲಕ್ಕಿಂತ ಕೆಟ್ಟದ್ದು: ಐದು ನಿಮಿಷದ ವಿಶ್ರಾಂತಿ ಹನ್ನೆರಡು ನಿಮಿಷಕ್ಕೆ ಹೋಗಿ ಮೈ ಆರುತ್ತದೆ, ಕೋಚಿಂಗ್ ಕೂಡ ಅರೆಮನಸ್ಸಿನದಾಗುತ್ತದೆ. ಖಾಲಿ ಮಧ್ಯಾಹ್ನದಲ್ಲಿ ಒಬ್ಬನೇ ಮಾಡಿದ್ದು ದೇಹಕ್ಕೆ ಒಗ್ಗಿತು, ಹೆಚ್ಚುಕಡಿಮೆ ಒಂದು ವರ್ಷ ನಡೆಯಿತು. ಆದರೆ ಬೆಂಚ್ ಪ್ರೆಸ್‌ನಲ್ಲಿ ಬಾರ್ ಎದೆಯ ಮೇಲೆ ನಿಂತಾಗ "ಪ್ರೆಸ್" (ಇನ್ನು ಮೇಲೆತ್ತು ಎಂಬ ತೀರ್ಪುಗಾರರ ಆಜ್ಞೆ) ಎಂದು ಹೇಳುವವರು ಯಾರೂ ಇರಲಿಲ್ಲ, ಬಾರ್ ಎತ್ತಿ ಕೈಗೆ ಕೊಡುವವರೂ ಇರಲಿಲ್ಲ. ಒಬ್ಬನೇ ಅಭ್ಯಾಸ ಮಾಡುವವನು ತನ್ನ ವಿರಾಮವನ್ನು ತಾನೇ ಎಣಿಸುತ್ತಾನೆ, ಆ ಎಣಿಕೆ ತೀರ್ಪುಗಾರರ ಎಣಿಕೆಗಿಂತ ಯಾವಾಗಲೂ ಚಿಕ್ಕದು. ಆ ವರ್ಷದ ಸ್ಪರ್ಧೆಯಲ್ಲಿ ಬೆಂಚ್‌ನ ಎರಡು ಪ್ರಯತ್ನಗಳಿಗೆ ಕೆಂಪು ದೀಪ ಹತ್ತಿ ಅವು ಅಮಾನ್ಯವಾದದ್ದು ಇದೇ ಕಾರಣಕ್ಕೆ. ಸಹಾಯಕ ಕೋಚ್ ಒಬ್ಬರನ್ನು ನೇಮಿಸಿಯೂ ನೋಡಿದೆ. ಅವರ ಸಂಬಳ ಆದಾಯದ ಐದನೇ ಒಂದು ಭಾಗವನ್ನು ನುಂಗಿತು, ಸದಸ್ಯರು ಮಾತ್ರ ನಾನು ಬಿಡುವಾಗುವವರೆಗೆ ಕಾದು ನಿಲ್ಲುತ್ತಿದ್ದರು.

ಈ ಪ್ರಯೋಗಗಳ ನಡುವೆ ಬಹಳ ಉಪಯೋಗಕ್ಕೆ ಬಂದ ಒಂದು ಲೆಕ್ಕ ಸಿಕ್ಕಿತು. ನನ್ನ ಅಭ್ಯಾಸದ ಪುಸ್ತಕದಲ್ಲಿ ನಾನು ಮಾಡಿದ ಸೆಟ್‌ಗಳಿದ್ದವೇ ಹೊರತು ಜಿಮ್ಮಿನ ಕೆಲಸಕ್ಕಾಗಿ ಎತ್ತಿದ್ದು ಎಲ್ಲೂ ದಾಖಲಾಗಿರಲಿಲ್ಲ. ಕೆಲವು ವಾರ ಅದನ್ನೂ ಬರೆದಿಟ್ಟೆ. ಒಂದು ತುಂಬಿದ ಬ್ಯಾಚಿನಲ್ಲಿ ಸದಸ್ಯರಿಗಾಗಿ ಬಾರ್‌ಗೆ ಪ್ಲೇಟು ಹಾಕುವುದು, ತೆಗೆಯುವುದು, ಸ್ಟ್ಯಾಂಡಿಗೆ ಮರಳಿಸುವುದು ಸೇರಿ ಸುಮಾರು ಒಂದು ಟನ್ ನನ್ನ ಕೈಯಿಂದ ಹಾದುಹೋಗುತ್ತಿತ್ತು. ದಿನಕ್ಕೆ ಮೂರರಿಂದ ನಾಲ್ಕು ಟನ್. ಅದೆಲ್ಲ ಸೊಂಟ ತಿರುಗಿಸಿ, ಬಾಗಿ, ಒಂದೇ ಕೈಯಲ್ಲಿ, ಬೆಲ್ಟ್ ಇಲ್ಲದೆ ಎತ್ತಿದ ಭಾರ. ಇದರ ಮೇಲೆ ತೋರಿಸಿಕೊಡಲೆಂದು ಮಾಡಿದ ಸ್ಕ್ವಾಟ್‌ಗಳು, ಸ್ಪಾಟಿಂಗ್ (ಎತ್ತುವವರ ಪಕ್ಕ ನಿಂತು ಬಾರ್ ಬೀಳದಂತೆ ಕಾಯುವುದು) ಮಾಡುವಾಗ ಥಟ್ಟನೆ ಬೆನ್ನಿಗೆ ಬೀಳುವ ಎಳೆತ. ಡೆಡ್‌ಲಿಫ್ಟ್ ಏಕೆ ವರ್ಷಗಟ್ಟಲೆ ಅಲುಗಾಡಲಿಲ್ಲ ಎಂಬುದಕ್ಕೆ ಉತ್ತರ ಪ್ರೋಗ್ರಾಮಿನಲ್ಲಿ ಇರಲಿಲ್ಲ, ಇದರಲ್ಲಿತ್ತು. ಅಂದಿನಿಂದ ನಾನು ಪ್ಲೇಟು ಮುಟ್ಟುವುದಿಲ್ಲ. ಬಾರ್ ಬಳಸುವವರೇ ಹಾಕುತ್ತಾರೆ, ತೆಗೆಯುತ್ತಾರೆ. ಒಂದು ರ‍್ಯಾಕ್‌ನಲ್ಲಿರುವ ಮೂವರಲ್ಲಿ ಒಬ್ಬರು ಎತ್ತುವಾಗ ಉಳಿದಿಬ್ಬರು ಎರಡು ಬದಿಯಲ್ಲಿ ಸ್ಪಾಟಿಂಗ್‌ಗೆ ನಿಲ್ಲುತ್ತಾರೆ. ಸ್ಪಾಟಿಂಗ್ ಕಲಿಸುವುದಕ್ಕೆ ಹೊಸಬರ ಮೊದಲ ಎರಡು ವಾರಗಳನ್ನು ಮೀಸಲಿಟ್ಟಿದ್ದೇನೆ. ತೋರಿಸಿಕೊಡುವುದನ್ನು ಖಾಲಿ ಬಾರ್‌ಗೆ, ಎರಡು ರೆಪ್‌ಗೆ ಸೀಮಿತಗೊಳಿಸಿದ್ದೇನೆ. ಪ್ರೋಗ್ರಾಮಿನಲ್ಲಿ ಬೇರೇನನ್ನೂ ಬದಲಿಸದೆ, ಇಷ್ಟರಿಂದಲೇ, ಆರೇಳು ತಿಂಗಳಲ್ಲಿ ಡೆಡ್‌ಲಿಫ್ಟ್ 10 ಕಿಲೋ ಏರಿತು.

ಈಗಿನ ವ್ಯವಸ್ಥೆ ಹೀಗಿದೆ. ಬೆಳಿಗ್ಗೆ ಎರಡು ಬ್ಯಾಚ್, ಸಂಜೆ ಎರಡು, ಒಂದೊಂದೂ ಒಂದೂವರೆ ಗಂಟೆ, ಪ್ರತಿ ಬ್ಯಾಚಿಗೆ ಆರು ಜನ, ಸ್ಕ್ವಾಟ್ ಮತ್ತು ಬೆಂಚ್ ಎರಡಕ್ಕೂ ಒದಗುವ ಎರಡು ಕಾಂಬೋ ರ‍್ಯಾಕ್. ಸದಸ್ಯರು ವಾರಕ್ಕೆ ಮೂರು ದಿನ ಬರುತ್ತಾರೆ, ಒಂದು ಗುಂಪು ಸೋಮ-ಬುಧ-ಶುಕ್ರ, ಇನ್ನೊಂದು ಮಂಗಳ-ಗುರು-ಶನಿ. ಸಂಜೆಯ ಬ್ಯಾಚ್‌ಗಳಿಗೆ ಮುಂಚೆ, ನಾಲ್ಕು ಗಂಟೆಯ ಹೊತ್ತಿಗೆ, ವಾರಕ್ಕೆ ನಾಲ್ಕು ದಿನ ಸ್ಪರ್ಧಾ ಬ್ಯಾಚ್ ಇರುತ್ತದೆ. ಅದರಲ್ಲಿ ಸ್ಪರ್ಧೆಗೆ ಇಳಿಯುವ ಐವರು ಮತ್ತು ನಾನು. ಆ ಹೊತ್ತಿನಲ್ಲಿ ನಾನು ಕೋಚ್ ಅಲ್ಲ. ಸ್ಕ್ವಾಟ್ ಆಳಕ್ಕೆ ಹೋಯಿತೇ ಇಲ್ಲವೇ ಎಂದು ಇಬ್ಬರು ಹಿರಿಯ ಅಭ್ಯಾಸಿಗಳು ನನಗೆ ಹೇಳುತ್ತಾರೆ, ಬೆಂಚ್‌ಗೆ ಅವರೇ ಆಜ್ಞೆ ಕೊಡುತ್ತಾರೆ; ಇದಕ್ಕೆ ಪ್ರತಿಯಾಗಿ ಅವರ ಶುಲ್ಕದಲ್ಲಿ ಅರ್ಧ ಕಡಿತ. ಇತರರ ಸೆಟ್‌ಗಳನ್ನು ಮೊಬೈಲಿನಲ್ಲಿ ಚಿತ್ರಿಸಿ, ಕೊನೆಯ ಕಾಲು ಗಂಟೆಯಲ್ಲಿ ನನ್ನ ಸೆಟ್‌ಗಳೆಲ್ಲ ಮುಗಿದ ಮೇಲೆ ಒಟ್ಟಿಗೆ ಕೂತು ನೋಡುತ್ತೇವೆ. ತಿದ್ದುಪಡಿ ಅಲ್ಲಿಯೇ, ಪುಸ್ತಕದಲ್ಲಿ ಬರೆದು.

ಇದನ್ನು ಹೇಳಿದಾಗ ಒಂದು ದೊಡ್ಡ ಜಿಮ್ಮಿನ ಮಾಲೀಕರು, ನನಗೆ ಹಿತೈಷಿಗಳು, ನೇರವಾಗಿಯೇ ಕೇಳಿದರು: "ಜನ ದುಡ್ಡು ಕೊಡುವುದು ನೀವು ಅವರನ್ನು ನೋಡಿಕೊಳ್ಳಲಿ ಅಂತ, ಅವರು ನಿಮ್ಮನ್ನು ನೋಡಿಕೊಳ್ಳುವುದಕ್ಕೆ ಯಾರು ಕೊಡುತ್ತಾರೆ?" ಕೊಡುತ್ತಾರೆ ಎಂಬುದೇ ನನ್ನ ಅನುಭವ. ಸ್ಪರ್ಧಾ ಬ್ಯಾಚಿನ ಐದು ಜಾಗಗಳಿಗೆ ಈಗ ಕಾಯುವವರ ಪಟ್ಟಿಯಿದೆ. ತಮ್ಮ ಕೋಚ್ ಮೂರನೇ ರೆಪ್‌ನಲ್ಲಿ ನಿಧಾನವಾಗುವುದನ್ನು, ಬೇಸರವಿಲ್ಲದೆ ತೂಕ ಇಳಿಸುವುದನ್ನು ಹತ್ತಿರದಿಂದ ಕಂಡವರಿಗೆ ಆರ್‌ಪಿಇ ಬಗ್ಗೆ ನಾನು ಗಂಟೆಗಟ್ಟಲೆ ಹೇಳಬೇಕಾಗಿಲ್ಲ.

ಇನ್ನು ಹಣದ ವಿಷಯ. ದಿನವಿಡೀ ತೆರೆದಿದ್ದ ಕಾಲದಲ್ಲಿ ಸದಸ್ಯರ ಸಂಖ್ಯೆ ನೂರಹತ್ತರ ಸುತ್ತ ಇತ್ತು, ಅವರಲ್ಲಿ ಅರ್ಧದಷ್ಟು ಜನ ಶುಲ್ಕ ಕಟ್ಟಿ ಬರದೇ ಇರುವವರು. ಬಹಳಷ್ಟು ಜಿಮ್‌ಗಳ ಲೆಕ್ಕಾಚಾರ ಈ ಬಾರದವರ ಮೇಲೆಯೇ ನಿಂತಿದೆ. ನನಗೆ ಬೇಕಾಗಿದ್ದುದು ಐವತ್ತು ಜನ, ಐವತ್ತೂ ಬರುವವರು. ಶುಲ್ಕವನ್ನು ಸರಿಸುಮಾರು ಎರಡರಷ್ಟು ಮಾಡಿ, ಮೂರು ತಿಂಗಳದ್ದನ್ನು ಮುಂಗಡವಾಗಿ ಪಡೆಯುವ ನಿಯಮ ತಂದೆ. ಮೊದಲ ಎರಡು ತಿಂಗಳಲ್ಲೇ ಮೂರನೇ ಎರಡರಷ್ಟು ಜನ ಹೊರಟುಹೋದರು, ಆದಾಯ ಹಿಂದಿನದರ ಶೇ 60ರ ಹತ್ತಿರಕ್ಕೆ ಇಳಿಯಿತು. ನಾಲ್ಕು ತಿಂಗಳ ಬಾಡಿಗೆಯಷ್ಟು ಹಣವನ್ನು ಬೇರೆ ತೆಗೆದಿಟ್ಟಿದ್ದರಿಂದ ಆ ಕಾಲ ದಾಟಿತು. ಅಷ್ಟು ಕೈಯಲ್ಲಿ ಇಲ್ಲದವರು ಈ ಬದಲಾವಣೆಗೆ ಕೈಹಾಕಬಾರದು ಎಂದು ಗಟ್ಟಿಯಾಗಿ ಹೇಳುತ್ತೇನೆ. ಹತ್ತು ತಿಂಗಳ ಹೊತ್ತಿಗೆ ಆದಾಯ ಹಳೆಯ ಮಟ್ಟದ ಹತ್ತಿರ ಬಂತು. ಖರ್ಚು ಅದಕ್ಕೂ ಮೊದಲೇ ತಗ್ಗಿತ್ತು: ವಿದ್ಯುತ್ ಅರ್ಧ, ಸಹಾಯಕರ ಸಂಬಳವಿಲ್ಲ, ಟ್ರೆಡ್‌ಮಿಲ್ ದುರಸ್ತಿಯಿಲ್ಲ, ಏಕೆಂದರೆ ಟ್ರೆಡ್‌ಮಿಲ್‌ಗಳನ್ನೇ ಮಾರಿದ್ದೆ. ಈಗ ಬಾಡಿಗೆ ಆದಾಯದ ಕಾಲು ಭಾಗವನ್ನು ಮೀರದಂತೆ ನೋಡಿಕೊಳ್ಳುತ್ತೇನೆ. ಪ್ರತಿ ತಿಂಗಳು ಶೇ 5ರಷ್ಟನ್ನು ಸ್ಪರ್ಧೆಗೆಂದು ಬೇರೆ ಖಾತೆಗೆ ಹಾಕುತ್ತೇನೆ. ಪ್ರಯಾಣ, ಪ್ರವೇಶ ಶುಲ್ಕ, ಬೆಲ್ಟ್, ನೀ ಸ್ಲೀವ್, ಸಿಂಗ್ಲೆಟ್ ಎಲ್ಲವೂ ಅದರಿಂದಲೇ. ಆ ಖಾತೆ ಖಾಲಿಯಿದ್ದರೆ ಆ ಸ್ಪರ್ಧೆ ಇಲ್ಲ. ಜಿಮ್ಮಿನ ಹಣ ಮತ್ತು ಸ್ಪರ್ಧೆಯ ಹಣ ಒಂದೇ ಜೇಬಿನಲ್ಲಿದ್ದಾಗ ಎರಡೂ ಬರಿದಾಗುವುದನ್ನು ಈ ಕ್ಷೇತ್ರದಲ್ಲಿ ಹಲವರ ಬಾಳಿನಲ್ಲಿ ನೋಡಿದ್ದೇನೆ.

ಸಲಕರಣೆಗೆ ಖರ್ಚು ಮಾಡುವಾಗ ಬಾರ್ ಮೊದಲು, ಉಳಿದದ್ದೆಲ್ಲ ಆಮೇಲೆ. ನರ್ಲಿಂಗ್ (ಹಿಡಿತಕ್ಕಾಗಿ ಕೊರೆದ ಒರಟು ಗೀರು) ಸವೆದ, ನಡು ಬಾಗಿದ ಐದು ಬಾರ್‌ಗಳ ಬದಲು ಸ್ಪರ್ಧೆಯ ಅಳತೆಯ ಎರಡು ಬಾರ್ ಸಾಕು. ಕ್ಯಾಲಿಬ್ರೇಟೆಡ್ ಪ್ಲೇಟುಗಳಿಗೆ ಮಾತ್ರ ನಾನು ಬಹಳ ಕಾಲ ದುಡ್ಡು ಹಾಕಲಿಲ್ಲ. ಸ್ಪರ್ಧೆಯ ಪ್ಲೇಟಿನ ತೂಕ ನಮೂದಿಸಿದ್ದಕ್ಕಿಂತ ಶೇ 0.25ಕ್ಕೆ ಮೀರಿ ವ್ಯತ್ಯಾಸವಾಗುವಂತಿಲ್ಲ. ನನ್ನ ಎರಕದ ಪ್ಲೇಟುಗಳನ್ನು ತಕ್ಕಡಿಗೆ ಹಾಕಿದಾಗ 20 ಎಂದು ಬರೆದದ್ದೊಂದು 19.2 ತೂಗಿತು, ಮತ್ತೊಂದು 20.7. ಇವೆರಡೂ ಒಂದೇ ಬಾರಿನ ಎರಡು ತುದಿಗೆ ಬಿದ್ದರೆ ಒಂದೂವರೆ ಕಿಲೋ ಓಲಾಡುತ್ತದೆ, ಇಂಥವು ಮೂರು ಜೋಡಿಯಾದರೆ ಬೆನ್ನು ಒಂದು ಕಡೆಗೆ ತಿರುಗುತ್ತದೆ. ಒಂದು ಇಡೀ ಭಾನುವಾರ ಕೂತು ಎಲ್ಲವನ್ನೂ ತೂಗಿ, ಸಮಾನ ತೂಕದವನ್ನು ಜೋಡಿ ಮಾಡಿ, ಬಣ್ಣದಿಂದ ಅಂಚಿಗೆ ಒಂದು, ಎರಡು, ಮೂರು ಗೆರೆ ಎಳೆದೆ. ಒಂದೇ ಗೆರೆಯವು ಎದುರುಬದುರಾಗಿ ಹೋಗಬೇಕು, ಅಷ್ಟೇ ನಿಯಮ. ನಿಜವಾದ ತೂಕವನ್ನು ಸೀಮೆಸುಣ್ಣದಿಂದ ಹಿಂಬದಿಯಲ್ಲಿ ಬರೆದಿಟ್ಟೆ. ಸುಮಾರು ಎರಡು ವರ್ಷ ಇದರಲ್ಲೇ ನಡೆಯಿತು, ಉಳಿದ ಹಣ ಎರಡನೇ ಕಾಂಬೋ ರ‍್ಯಾಕ್‌ಗೆ ಹೋಯಿತು. ಹೊಸ ಜಿಮ್ ತೆರೆಯುವವರಿಗೆ ನಾನು ಕೊಡುವ ಮೊದಲ ಸಲಹೆ ಈಗಲೂ ಒಂದು ತಕ್ಕಡಿ ಕೊಳ್ಳಿ ಎಂಬುದೇ.

ಅಭ್ಯಾಸದ ವಾರವನ್ನು ಜಿಮ್ಮಿನ ದಟ್ಟಣೆ ನೋಡಿ ಹೊಂದಿಸಿದೆ. ವಾರದ ಆರಂಭದಲ್ಲಿ ಯಾವ ಜಿಮ್ಮಾದರೂ ತುಂಬುತ್ತದೆ, ಶನಿವಾರ ತೆಳುವಾಗುತ್ತದೆ. ಆದ್ದರಿಂದ ಭಾರದ ಸ್ಕ್ವಾಟ್ ಮತ್ತು ಡೆಡ್‌ಲಿಫ್ಟ್ ಶನಿವಾರಕ್ಕೆ. ಮರುದಿನ ಮುಚ್ಚಿರುತ್ತದೆ, ನಿಲ್ಲುವ ಕೆಲಸವಿಲ್ಲ. ಸೋಮವಾರ ಬೆಂಚ್ ಮತ್ತು ಹಗುರ ಸ್ಕ್ವಾಟ್, ಮಂಗಳವಾರ ಬೆನ್ನಿನ ಪೂರಕ ವ್ಯಾಯಾಮ, ಗುರುವಾರ ಭಾರದ ಬೆಂಚ್. ವಾರದ ನಡುವಿನ ದಿನಗಳಲ್ಲಿ ಆರ್‌ಪಿಇ 7 ದಾಟುವುದಿಲ್ಲ, ಎಷ್ಟು ಹುಮ್ಮಸ್ಸಿದ್ದರೂ. ಬೆಳಗಿನ ಬ್ಯಾಚ್ ಮುಗಿದ ಮೇಲೆ ಊಟ, ಒಂದು ಗಂಟೆ ನಿದ್ರೆ. ಈ ನಿದ್ರೆಯ ಹೊತ್ತಿಗೆ ಯಾರಿಗೂ ಭೇಟಿಯ ಸಮಯ ಕೊಡುವುದಿಲ್ಲ, ಫೋನೂ ಎತ್ತುವುದಿಲ್ಲ.

ಇದರ ನಡುವೆ ಕೆಲವು ಅಡ್ಡ ಪ್ರಯೋಗಗಳೂ ನಡೆದವು. ಕೋಚಿಂಗ್ ಹೊತ್ತಿನಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತು ನೋಡಿದೆ. ಕಾಲಿಗೆ ವಿಶ್ರಾಂತಿ ಸಿಕ್ಕಿತು, ಆದರೆ ಸ್ಕ್ವಾಟ್‌ನ ಆಳ ಕಾಣಲು ಬೇಕಾದ ಕೋನ ಸಿಗಲಿಲ್ಲ. ಈಗ ಸ್ಟೂಲು ಸೊಂಟದ ಎತ್ತರಕ್ಕಿಂತ ಕೆಳಗಿದೆ, ರ‍್ಯಾಕ್‌ನ ಪಕ್ಕಕ್ಕೇ ಇದೆ. ಕೈ ಜಾರದಿರಲು ಹಚ್ಚುವ ಪುಡಿ ಚಾಕ್ ನಿಲ್ಲಿಸಿ ದ್ರವ ಚಾಕ್ ತಂದೆ, ನೆಲ ಗುಡಿಸುವ ಸಮಯ ಉಳಿಯಿತು. ಡೆಡ್‌ಲಿಫ್ಟ್‌ನ ಹಿಡಿತಕ್ಕೆ ಮಾತ್ರ ಪುಡಿಯಷ್ಟು ಒಳ್ಳೆಯದಲ್ಲ, ಹಾಗಾಗಿ ಸ್ಪರ್ಧಾ ಬ್ಯಾಚಿಗೆ ಪುಡಿಯೇ ಮರಳಿತು. ಎರಡು ಪದರ ಪ್ಲೈವುಡ್ ಮೇಲೆ ರಬ್ಬರ್ ಹಾಸಿದ ವೇದಿಕೆಯ ಕೆಳಗೆ ಇನ್ನೊಂದು ಪದರ ಸೇರಿಸಿ ಸದ್ದು ತಗ್ಗಿಸುವ ಪ್ರಯತ್ನವೂ ಆಯಿತು. ಕೊನೆಯ ಪದರವಾಗಿ ಏನು ಹಾಕಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅಕ್ಕಪಕ್ಕದವರ ದೂರು ಮಾತ್ರ ನಿಂತಿದೆ.

ತೂಕದ ವರ್ಗದ ಬಗ್ಗೆ ಒಂದು ಮಾತು. 83 ಕಿಲೋ ವರ್ಗಕ್ಕೆ ಇಳಿಯಲು ಪ್ರತಿ ಸಲವೂ ಆರೇಳು ವಾರ ಕಡಿಮೆ ತಿನ್ನುತ್ತಿದ್ದೆ. ಕೇವಲ ಸ್ಪರ್ಧಾಳುವಾದರೆ ಅದನ್ನು ಸಹಿಸಬಹುದು; ದಿನಕ್ಕೆ ಆರು ಗಂಟೆ ಇಪ್ಪತ್ತು ಜನರ ಜೊತೆ ಮಾತನಾಡಬೇಕಾದವನಿಗೆ ಹಸಿವು ದನಿಯಲ್ಲಿ ಕೇಳಿಸುತ್ತದೆ, ಸದಸ್ಯರಿಗೆ ಅದು ಗೊತ್ತಾಗುತ್ತದೆ. 93ಕ್ಕೆ ಏರಿದ ಮೇಲೆ ಪದಕದ ಪೈಪೋಟಿ ಕಠಿಣವಾಯಿತು, ಟೋಟಲ್ ಬೆಳೆಯಿತು, ಜಿಮ್ಮಿನಲ್ಲಿ ನನ್ನ ತಾಳ್ಮೆ ಉಳಿಯಿತು.

ಸ್ಪರ್ಧೆಯ ವಾರ ಜಿಮ್ ಮುಚ್ಚುವುದಿಲ್ಲ. ವರ್ಷದ ಆರಂಭದಲ್ಲೇ ನನ್ನ ಸ್ಪರ್ಧೆಯ ವಾರಗಳನ್ನು ಎಲ್ಲರ ಡೀಲೋಡ್ ವಾರವೆಂದು ಪ್ರೋಗ್ರಾಮಿನಲ್ಲಿ ಬರೆದಿರುತ್ತೇನೆ; ಹಗುರ ತೂಕ, ಕಡಿಮೆ ಸೆಟ್, ಹಿರಿಯ ಅಭ್ಯಾಸಿಯೊಬ್ಬರ ಉಸ್ತುವಾರಿ. ಹೀಗಾಗಿ ಯಾರೂ ಶುಲ್ಕ ವಾಪಸು ಕೇಳಿಲ್ಲ. ಕೊನೆಯ ಭಾರದ ಡೆಡ್‌ಲಿಫ್ಟ್ ಸ್ಪರ್ಧೆಗೆ ಹತ್ತು ಹನ್ನೆರಡು ದಿನ ಮುಂಚೆ, ಸ್ಕ್ವಾಟ್ ಒಂದು ವಾರ ಮುಂಚೆ. ಓಪನರ್, ಅಂದರೆ ಮೊದಲ ಪ್ರಯತ್ನ, ನನ್ನ ಗರಿಷ್ಠ ತೂಕದ ಶೇ 91ರ ಸುತ್ತ, ಎರಡನೆಯದು 96ರ ಸುತ್ತ.

ಕಷ್ಟ ಬಂದದ್ದು ನನ್ನ ಅಭ್ಯಾಸಿಗಳೂ ಅದೇ ದಿನ ಸ್ಪರ್ಧಿಸಿದಾಗ. ಐಪಿಎಫ್ (ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಒಕ್ಕೂಟ) ನಿಯಮದಲ್ಲಿ ಒಂದು ಪ್ರಯತ್ನ ಮುಗಿದ ಒಂದು ನಿಮಿಷದೊಳಗೆ ಮುಂದಿನ ತೂಕ ತಿಳಿಸಬೇಕು, ಸ್ಪರ್ಧಿಗಳ ದೇಹತೂಕ ನೋಡುವುದು ಸ್ಪರ್ಧೆಗೆ ಎರಡು ಗಂಟೆ ಮುಂಚೆ ಆರಂಭ. ನಾನು ವಾರ್ಮ್‌ಅಪ್‌ನಲ್ಲಿದ್ದಾಗ ಅಭ್ಯಾಸಿಯೊಬ್ಬರು ಎರಡನೇ ಪ್ರಯತ್ನದಲ್ಲಿ ಸೋತರೆ ಆ ಒಂದು ನಿಮಿಷದಲ್ಲಿ ನಿರ್ಧರಿಸುವವರು ಯಾರು? ಈಗ ಪ್ರತಿಯೊಬ್ಬರಿಗೂ ಅಂಗೈ ಅಗಲದ ಒಂದು ಚೀಟಿ ಇರುತ್ತದೆ: ರ‍್ಯಾಕ್‌ನ ಎತ್ತರ, ವಾರ್ಮ್‌ಅಪ್ ತೂಕಗಳು, ಓಪನರ್, ಅದು ಸುಲಭವಾದರೆ ಇಷ್ಟು, ಕಷ್ಟವಾದರೆ ಇಷ್ಟು, ಸೋತರೆ ಇಷ್ಟು. ಚೀಟಿ ಹಿಡಿದವರು ಯೋಚಿಸಬೇಕಾಗಿಲ್ಲ, ಓದಿ ಹೇಳಿದರೆ ಸಾಕು. ನನ್ನ ಚೀಟಿಯೂ ಹಾಗೆಯೇ ಇನ್ನೊಬ್ಬರ ಕೈಯಲ್ಲಿರುತ್ತದೆ. ಡೆಡ್‌ಲಿಫ್ಟ್‌ನ ಮೂರನೇ ಸುತ್ತಿನಲ್ಲಿ ಮಾತ್ರ ತೂಕವನ್ನು ಎರಡು ಬಾರಿ ಬದಲಿಸಲು ಅವಕಾಶವಿರುವುದರಿಂದ ಆ ಒಂದು ಸಾಲನ್ನು ಖಾಲಿ ಬಿಟ್ಟಿರುತ್ತೇನೆ. ಅದನ್ನು ತುಂಬುವ ನನ್ನ ಲೆಕ್ಕ ಏನೆಂದು ಇನ್ನೂ ಕೆಲವು ವರ್ಷ ಸ್ಪರ್ಧಿಸುವ ಇರಾದೆಯಿರುವುದರಿಂದ ಸದ್ಯಕ್ಕೆ ಹೇಳುವುದಿಲ್ಲ. ಕಳೆದ ಸ್ಪರ್ಧೆಗೆ ನನ್ನೊಡನೆ ನಾಲ್ವರು ಅಭ್ಯಾಸಿಗಳು ಇಳಿದಿದ್ದರು. ಐವರಲ್ಲಿ ಯಾರೂ ಒಂದೇ ಲಿಫ್ಟಿನ ಮೂರೂ ಪ್ರಯತ್ನ ಸೋತು ಟೋಟಲ್ ಕಳೆದುಕೊಳ್ಳಲಿಲ್ಲ, ಮೂವರು ತಮ್ಮ ಹಿಂದಿನ ಟೋಟಲ್ ದಾಟಿದರು, ಅವರಲ್ಲಿ ನಾನೂ ಒಬ್ಬ.