ಅಂಬುಜಮ್ಮನವರ ಬಾಯಿಗೆ ಮಾತು ಹುಡುಕಿದ್ದು

ಮೊದಲ ಸಲ ಓದಿಸಿದಾಗ ಎಲ್ಲರೂ ನಕ್ಕರು. ಅದು ನಗಬೇಕಾದ ಜಾಗವೇ ಅಲ್ಲ.

ನಾನು ಬರೆದಿದ್ದು 40 ನಿಮಿಷದ ನಾಟಕ. 1972ರ ಮೈಸೂರು, ಒಂಟಿಕೊಪ್ಪಲಿನ ಒಂದು ಹೆಂಚಿನ ಮನೆ, ಅಲ್ಲಿ ರಿಟೈರ್ ಆದ ಹೆಡ್‌ಮಿಸ್ಟ್ರೆಸ್ ಅಂಬುಜಮ್ಮ. ತುಂಬ ನಯವಾದ ಹೆಂಗಸು ಅಂತ ತೋರಿಸೋಕೆ ಅವರ ಬಾಯಿಗೆ ಸಂಸ್ಕೃತ ತುರುಕಿದ್ದೆ. ಮನೆಗೆ ಯಾರಾದರೂ ಬಂದರೆ ‘ತಮ್ಮ ಆಗಮನದಿಂದ ಪರಮ ಸಂತೋಷವಾಯಿತು’ ಅನ್ನುತ್ತಿದ್ದರು. ಪಾತ್ರ ಮಾಡುತ್ತಿದ್ದ ಹಿರಿಯ ನಟಿ ಹಾಳೆ ಮಡಚಿ, ‘ಕಿರೀಟ ಎಲ್ಲಿಟ್ಟಿದ್ದೀಯಪ್ಪ, ಹಾಕ್ಕೊಂಡೇ ಹೇಳ್ತೀನಿ’ ಅಂದರು.

ಒಂದು ವಾರ ಬರೆಯಲಿಲ್ಲ. ನಮ್ಮಜ್ಜಿ ಹೇಗೆ ಮಾತಾಡುತ್ತಿದ್ದರು ಅಂತ ನೆನಪು ಮಾಡಿಕೊಳ್ಳುತ್ತಾ ಕೂತೆ. ಅಜ್ಜಿ ದೊಡ್ಡ ಪದ ಬಳಸಿದವರೇ ಅಲ್ಲ. ಆದರೆ ಕೆಲವು ಮಾತು ಅವರ ಬಾಯಲ್ಲಿ ಬರುತ್ತಲೇ ಇರಲಿಲ್ಲ. ದೀಪ ಆರಿಸು ಅನ್ನುತ್ತಿರಲಿಲ್ಲ, ‘ದೀಪ ದೊಡ್ಡದು ಮಾಡು’ ಅನ್ನುತ್ತಿದ್ದರು. ‘ಹೋಗ್ತೀನಿ’ ಅಂದವರನ್ನು ಬಾಗಿಲಲ್ಲೇ ನಿಲ್ಲಿಸಿ, ‘ಬರ್ತೀನಿ’ ಅನ್ನಿಸಿ ಕಳಿಸುತ್ತಿದ್ದರು. ನನಗೆ ದಾರಿ ಸಿಕ್ಕಿದ್ದು ಅಲ್ಲಿ. ಅಂಬುಜಮ್ಮ ಹೇಳದೇ ಇರೋ ಮಾತುಗಳನ್ನು ಪಟ್ಟಿ ಮಾಡಿದೆ.

ಮೊದಲು ತೆಗೆದಿದ್ದು ಅಪ್ಪಣೆ. ‘ಕಿಟಕಿ ಹಾಕು’ ಅಂತ ಅವರು ಹೇಳೋ ಹಾಗಿಲ್ಲ. ‘ಗಾಳಿ ಜೋರಾಗಿದೆ, ಅಲ್ವೇ ನಿಂಗಮ್ಮ?’ ಅಂತಾರೆ. ಮನೆಗೆಲಸದ ನಿಂಗಮ್ಮ ಮಂಡ್ಯ ಕಡೆಯವಳು. ‘ಹಾಕ್ಬುಡ್ತೀನಿ ಬುಡಿ ಅಮ್ಮಾವ್ರೆ’ ಅಂತ ಏಳುತ್ತಾಳೆ. ಪಕ್ಕದಲ್ಲಿ ಇಂಥ ಇನ್ನೊಂದು ದನಿ ಇಲ್ಲದಿದ್ದರೆ ನಯ ಕಿವಿಗೆ ಬೀಳೋದೇ ಇಲ್ಲ. (ಹಳ್ಳಿ ಮಾತು ಬಂದರೆ ನಗಿಸೋಕೇ ಅನ್ನೋ ಚಾಳಿ ನಮ್ಮ ನಾಟಕಗಳಿಗಿದೆ. ಅದಕ್ಕೇ ಜಾಣ ಮಾತೆಲ್ಲ ನಿಂಗಮ್ಮನಿಗೇ ಕೊಟ್ಟೆ.)

ಉಚ್ಚಾರಕ್ಕೆ ಊರೇ ಸಹಾಯ ಮಾಡಿತು. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ‘ಆಕಾಶವಾಣಿ’ ಶುರು ಮಾಡಿದ್ದು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ. ಆಗ ಅಂಬುಜಮ್ಮನಿಗೆ 18 ಅಂತ ಇಟ್ಟುಕೊಂಡೆ. ರೇಡಿಯೊ ಕೇಳಿ ಕೇಳಿ ನಾಲಿಗೆ ತಿದ್ದಿಕೊಂಡವರು. ‘ಭಾನುವಾರ’ದ ಭ, ‘ಹಠ’ದ ಠ ಎರಡೂ ಅವರ ಬಾಯಲ್ಲಿ ಬಿಡಿಬಿಡಿಯಾಗಿ ಕೇಳಬೇಕು. ಇದೊಂದು ಸಾಲೂ ನಾಟಕದಲ್ಲಿಲ್ಲ, ನಟಿಗೆ ಮಾತ್ರ ಹೇಳಿದ್ದು.

ಒಂದು ಪಲ್ಲವಿ ಇರಲಿ ಅಂತ ‘ಇರಲಿ’ಯನ್ನೇ ಕೊಟ್ಟೆ. ಒಪ್ಪಿಗೆಗೂ ಇರಲಿ, ಬೇಡ ಅನ್ನೋದಕ್ಕೂ ಇರಲಿ. ಆಮೇಲೆ ಎಣಿಸಿದರೆ ಹದಿನಾಲ್ಕು! ಮಾತು ಹೋಗಿ ಬಿಕ್ಕಳಿಕೆ ಆಗಿತ್ತು. ಮೂರು ಉಳಿಸಿದೆ.

ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ನೀನು, ನೀವು, ತಾವು. ಹಾಲಿನ ಹುಡುಗನಿಗೂ, ಪಾಠಕ್ಕೆ ಬರೋ ಹತ್ತು ವರ್ಷದ ಮಗುವಿಗೂ ಅಂಬುಜಮ್ಮ ‘ನೀವು’ ಅಂತಾರೆ. ಏಕವಚನ ಇಬ್ಬರಿಗೇ. ಒಬ್ಬಳು ನಿಂಗಮ್ಮ, ಇನ್ನೊಬ್ಬ ಅವರೇ ಸಾಕಿದ ತಂಗಿ ಮಗ ಸೀನು. ‘ಬಾರೋ, ಊಟ ಆಯ್ತೇನೋ’ ಅಂತ ಮೂರು ದೃಶ್ಯದಲ್ಲಿ ಕೇಳಿಸಿರುತ್ತೇನೆ. ಸುಮ್ನೆ ಅಲ್ಲ.

ನಾಲ್ಕನೇ ದೃಶ್ಯದಲ್ಲಿ ಸೀನು, ದೊಡ್ಡಮ್ಮನನ್ನು ಕೇಳದೆ ಮನೆ ಮಾರೋಕೆ ಮುಂಗಡ ಇಸ್ಕೊಂಡು ಬರುತ್ತಾನೆ. ಇಲ್ಲಿ ಮೊದಲು ಒಂದು ಪುಟದ ಸಿಟ್ಟು ಬರೆದಿದ್ದೆ. ಕಣ್ಣೀರೂ ಇತ್ತು. ಈಗ ಉಳಿದಿರೋದು ಇಷ್ಟು:

‘ಬೈದುಬಿಡಿ ದೊಡ್ಡಮ್ಮ, ಸುಮ್ಮನೆ ಕೂರಬೇಡಿ.’

‘ಇರಲಿ.’ (ತಡೆದು) ‘ತಾವು ಕಾಫಿ ತಗೋತೀರಾ?’

ರಿಹರ್ಸಲ್‌ನಲ್ಲಿ ಆ ‘ತಾವು’ ಬಿದ್ದಾಗ ಸೀನು ಪಾತ್ರದ ಹುಡುಗ ಮುಂದಿನ ಮಾತನ್ನೇ ಮರೆತ. ಅಲ್ಲಿ ಅವನಿಗೊಂದು ನಾಲ್ಕು ಸಾಲಿನ ಸಮಜಾಯಿಷಿ ಇತ್ತು. ಅದನ್ನೂ ಹೊಡೆದು ಹಾಕಿದೆ.